ಕೋಶಕೇಂದ್ರ-ವಿರೋಧಿ ಪ್ರತಿಕಾಯಗಳು

ಕೋಶಕೇಂದ್ರ-ವಿರೋಧಿ ಪ್ರತಿಕಾಯಗಳು (ಎಎನ್‌ಎ) ದೇಹದ ಸ್ವಂತ ಜೀವಕೋಶಗಳ ಕೇಂದ್ರದಲ್ಲಿರುವ ಡಿಎನ್‌ಎ, ಪ್ರೋಟೀನು ಮುಂತಾದ ವಸ್ತುಗಳಿಗೆ ಅಂಟಿಕೊಳ್ಳುವ ಸ್ವಪ್ರತಿಕಾಯಗಳು. ರೋಗನಿರೋಧಕ ವ್ಯವಸ್ಥೆಯು ಸಾಮಾನ್ಯವಾಗಿ ಹೊರಗಿನ ರೋಗಾಣುಗಳ ವಿರುದ್ಧ ಪ್ರತಿಕಾಯಗಳನ್ನು ಉತ್ಪಾದಿಸುತ್ತದೆ. ಅದು ತನ್ನ ದೇಹದ ಅಂಗಾಂಶಗಳನ್ನೇ ಪರಕೀಯವೆಂದು ಭಾವಿಸಿದಾಗ ಲೂಪಸ್, ಸ್ಕ್ಲೀರೋಡರ್ಮಾ, ಶೋಗ್ರೆನ್ ಸಿಂಡ್ರೋಮ್ ಮೊದಲಾದ ಸಂಯೋಜಕ ಅಂಗಾಂಶದ ಕಾಯಿಲೆಗಳು ಉಂಟಾಗುತ್ತವೆ.

ಇತಿಹಾಸ

1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಮಾಲ್ಕಮ್ ಹಾರ್‌ಗ್ರೇವ್ಸ್ ಮತ್ತು ಸಂಗಡಿಗರು ಲೂಪಸ್ ರೋಗಿಗಳ ಅಸ್ಥಿಮಜ್ಜೆಯಲ್ಲಿ, ಬೇರೊಂದು ಕೋಶದ ಕೇಂದ್ರವನ್ನು ನುಂಗಿದ ಬಿಳಿ ರಕ್ತಕಣಗಳನ್ನು ಗುರುತಿಸಿದರು. ಇವು ‘ಎಲ್‌ಇ ಕೋಶ’ಗಳೆಂದು ಹೆಸರಾದವು. ಇವುಗಳ ರಚನೆಗೆ ರಕ್ತದಲ್ಲಿರುವ ಪ್ರತಿಕಾಯಗಳೇ ಕಾರಣವೆಂದು ಅನಂತರ ತಿಳಿದುಬಂತು.

ಪರೀಕ್ಷಾ ವಿಧಾನ

ರೋಗಿಯ ಸೀರಮ್ಮನ್ನು ದುರ್ಬಲಗೊಳಿಸಿ, ಗಾಜಿನ ಫಲಕದ ಮೇಲಿನ ಹೆಪ್-2 ಕೋಶಗಳ ಮೇಲೆ ಹಾಕಲಾಗುತ್ತದೆ. ಅಂಟಿಕೊಂಡ ಪ್ರತಿಕಾಯಗಳು ಹೊಳೆಯುವ ಬಣ್ಣದ ನೆರವಿನಿಂದ ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಎಷ್ಟು ದುರ್ಬಲಗೊಳಿಸಿದರೂ ಹೊಳಪು ಉಳಿಯುತ್ತದೆ ಎಂಬುದನ್ನು 1:80, 1:160 ಎಂಬಂತೆ ದಾಖಲಿಸಲಾಗುತ್ತದೆ.

ಮುಖ್ಯ ಬಗೆಗಳು

* ಡಿಎನ್‌ಎ-ವಿರೋಧಿ (ಎರಡು ಎಳೆ): ಲೂಪಸ್, ಮೂತ್ರಪಿಂಡದ ಉರಿಯೂತದೊಂದಿಗೆ ನಂಟು.
* ಎಸ್‌ಎಂ-ವಿರೋಧಿ: ಲೂಪಸ್‌ಗೆ ಬಹಳ ನಿರ್ದಿಷ್ಟ, ಆದರೆ ಎಲ್ಲ ರೋಗಿಗಳಲ್ಲೂ ಇರುವುದಿಲ್ಲ.
* ಸೆಂಟ್ರೋಮಿಯರ್-ವಿರೋಧಿ: ಸೀಮಿತ ಸ್ಕ್ಲೀರೋಡರ್ಮಾ.
* ಎಸ್‌ಸಿಎಲ್-70-ವಿರೋಧಿ: ವ್ಯಾಪಕ ಸ್ಕ್ಲೀರೋಡರ್ಮಾ, ಶ್ವಾಸಕೋಶ ಗಡುಸಾಗುವ ಅಪಾಯ.
* ಯು1-ಆರ್‌ಎನ್‌ಪಿ-ವಿರೋಧಿ: ಮಿಶ್ರ ಸಂಯೋಜಕ ಅಂಗಾಂಶ ಕಾಯಿಲೆ.
* ರೋ ಮತ್ತು ಲಾ-ವಿರೋಧಿ: ಶೋಗ್ರೆನ್ ಸಿಂಡ್ರೋಮ್, ಲೂಪಸ್.

ಗರ್ಭಾವಸ್ಥೆಯಲ್ಲಿ

ರೋ-ವಿರೋಧಿ ಪ್ರತಿಕಾಯಗಳು ಜರಾಯುವಿನ ಮೂಲಕ ಭ್ರೂಣವನ್ನು ತಲುಪಬಲ್ಲವು. ಇಂತಹ ಗರ್ಭಧಾರಣೆಗಳ ಪೈಕಿ ಸುಮಾರು ಶೇ. 1–2ರಲ್ಲಿ ಶಿಶುವಿನ ಹೃದಯದ ವಿದ್ಯುತ್ ಸಂಕೇತಗಳ ಹರಿವಿಗೆ ತಡೆಯುಂಟಾಗಿ ಬಡಿತ ನಿಧಾನವಾಗುತ್ತದೆ. ಪೂರ್ಣ ತಡೆಯುಂಟಾದರೆ ಅದು ಸಾಮಾನ್ಯವಾಗಿ ಶಾಶ್ವತ. ಅನೇಕ ಮಕ್ಕಳಿಗೆ ಪೇಸ್‌ಮೇಕರ್ ಬೇಕಾಗುತ್ತದೆ. ತಾಯಿಗೆ ಯಾವುದೇ ರೋಗಲಕ್ಷಣ ಇಲ್ಲದಿದ್ದರೂ ಹೀಗಾಗಬಹುದು. ಆದ್ದರಿಂದ ಪ್ರತಿಕಾಯವಿರುವುದು ಮೊದಲೇ ತಿಳಿದಿದ್ದರೆ ಭ್ರೂಣದ ಹೃದಯದ ಮೇಲೆ ನಿಗಾ ಇಡಲು ಸಾಧ್ಯ.

ಫಲಿತಾಂಶದ ಅರ್ಥ

ಪರೀಕ್ಷೆ ಧನಾತ್ಮಕವಾದ ಮಾತ್ರಕ್ಕೆ ಕಾಯಿಲೆ ಇದೆಯೆಂದಲ್ಲ. 1997ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಅಧ್ಯಯನವೊಂದರಲ್ಲಿ ಆರೋಗ್ಯವಂತರ ಪೈಕಿ ಸುಮಾರು ಶೇ. 13 ಮಂದಿಯಲ್ಲಿ 1:80ರ ಮಟ್ಟದಲ್ಲಿ, ಶೇ. 5 ಮಂದಿಯಲ್ಲಿ 1:160ರ ಮಟ್ಟದಲ್ಲಿ ಈ ಪ್ರತಿಕಾಯಗಳು ಕಂಡುಬಂದವು. ಹೈಡ್ರಲಜೀನ್, ಐಸೋನಿಯಜಿಡ್‌ನಂತಹ ಔಷಧಗಳಿಂದಲೂ ಇವು ಉತ್ಪತ್ತಿಯಾಗಬಹುದು. ಮತ್ತೊಂದೆಡೆ, ಲೂಪಸ್‌ನ ಲಕ್ಷಣಗಳು ಗೋಚರಿಸುವುದಕ್ಕೆ ವರ್ಷಗಳ ಮೊದಲೇ ಪ್ರತಿಕಾಯಗಳು ರಕ್ತದಲ್ಲಿ ಇರಬಲ್ಲವು. 2019ರ ಯುರೋಪಿಯನ್-ಅಮೆರಿಕನ್ ವರ್ಗೀಕರಣದಲ್ಲಿ ಲೂಪಸ್ ಎಂದು ಪರಿಗಣಿಸಲು 1:80 ಅಥವಾ ಹೆಚ್ಚಿನ ಮಟ್ಟದ ಎಎನ್‌ಎ ಪ್ರವೇಶ ಮಾನದಂಡ ಮಾತ್ರ. ಅದರ ಜೊತೆಗೆ ಇತರ ಲಕ್ಷಣಗಳೂ ಇರಬೇಕು.