ಗದಗದ ಗವಾಯಿಗಳಿಂದ ‘ಸೈರಾಟ್’ವರೆಗೆ: ಕಲೆಯಲ್ಲಿ ವಿಕಲಚೇತನರ ಪಾಲೆಷ್ಟು?

ಉಮರ್ಗಾ, ನಿಲಂಗಾ, ಉದ್ಗೀರ್. ಕರಾವಳಿಯವರಿಗೆ ಈ ಹೆಸರುಗಳು ಅಷ್ಟೇನೂ ಪರಿಚಿತವಲ್ಲ. ಬಸವಕಲ್ಯಾಣ, ಭಾಲ್ಕಿ ದಾಟಿದರೆ ಸಿಗುವ ಮಹಾರಾಷ್ಟ್ರದ ಗಡಿ ತಾಲೂಕುಗಳಿವು. ನಿಲಂಗಾ ಮತ್ತು ಉದ್ಗೀರ್ 1956ರವರೆಗೆ ಬೀದರ್ ಜಿಲ್ಲೆಯಲ್ಲೇ ಇದ್ದವು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಅವು ಆಚೆಗೆ ಹೋದವು, ಕನ್ನಡ ಮಾತಾಡುವ ಮನೆಗಳು ಅಲ್ಲೇ ಉಳಿದವು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು, ಪೇಟೆಯಲ್ಲಿ ಮತ್ತೊಂದು. ಬ್ಯಾರಿ, ತುಳು, ಕನ್ನಡ ಮೂರನ್ನೂ ಒಟ್ಟಿಗೆ ಆಡುವವರಿಗೆ ಈ ಪಾಡು ಹೊಸದಲ್ಲ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿ ಭೂಕಂಪ ಬಡಿದದ್ದು ಇದೇ ಸೀಮೆಗೆ. ಸುಮಾರು 10 ಸಾವಿರ ಜನ ಸತ್ತರು. ಕಲ್ಲು ಮಣ್ಣಿನ ದಪ್ಪ ಗೋಡೆಗಳ ಅಡಿಯಿಂದ ಬದುಕಿ ಬಂದವರಲ್ಲಿ ಹಲವರು ಕೈಕಾಲಿನ, ಬೆನ್ನುಹುರಿಯ ಊನ ಹೊತ್ತೇ ಮುಂದಿನ ಬದುಕು ಕಟ್ಟಿಕೊಂಡರು. ಊರಿಗೆ ಊರೇ ನೋಡಿದ ಸಂಗತಿ ಇದು. ಹಾಗಿದ್ದರೂ ಸಿನಿಮಾ ಪರದೆಯ ಮೇಲೆ ಇಂಥವರು ಹೇಗೆ ಕಾಣುತ್ತಾರೆ ಅಂತ ನೋಡಿದರೆ ಎರಡೇ ನಮೂನೆ: ಒಂದೋ ಅಯ್ಯೋ ಪಾಪ, ಇಲ್ಲವೋ ಪವಾಡಪುರುಷ.

2016ರಲ್ಲಿ ಬಂದ ನಾಗರಾಜ್ ಮಂಜುಳೆ ಅವರ ಮರಾಠಿ ಚಿತ್ರ ‘ಸೈರಾಟ್’ ಈ ಎರಡು ನಮೂನೆಗೂ ಸೇರದ ಒಬ್ಬನನ್ನು ತೋರಿಸಿತು. ನಾಯಕ ಪರ್ಷ್ಯಾನ ಇಬ್ಬರು ಜೀವದ ಗೆಳೆಯರಲ್ಲಿ ಒಬ್ಬ ಸಲೀಂ, ಇನ್ನೊಬ್ಬ ಪ್ರದೀಪ. ಪ್ರದೀಪನ ಕಾಲಿನಲ್ಲಿ ಊನವಿದೆ. ಆ ಪಾತ್ರ ಮಾಡಿದ ತಾನಾಜಿ ಗಲ್ಗುಂಡೆ ಅವರ ಕಾಲಿನಲ್ಲೂ ನಿಜವಾಗಿ ಊನವಿತ್ತು. ಪ್ರದೀಪ ನಗಿಸುತ್ತಾನೆ, ಗೆಳೆಯನಿಗಾಗಿ ಓಡುತ್ತಾನೆ, ಹೊಡೆತ ತಿನ್ನುತ್ತಾನೆ. ಅವನ ಕಾಲು ಸರಿಹೋಗುವುದೇ ಕಥೆಯ ಗುರಿ ಅಲ್ಲ. ಇಷ್ಟು ಒಳ್ಳೆಯದು. ಆದರೆ ಗೆಳೆಯರು ಅವನನ್ನು ಕರೆಯುವುದು ‘ಲಂಗಡ್ಯಾ’ ಅಂತ, ಅಂದರೆ ಕುಂಟ. ನಮ್ಮ ಊರುಗಳಲ್ಲೂ ಅಷ್ಟೇ ಅಲ್ಲವೇ? ಹೆತ್ತವರು ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಉಳಿಯುತ್ತದೆ, ಬೀದಿಯಲ್ಲಿ ನಡೆಯುವುದು ಊನದ ಹೆಸರು.

ಕನ್ನಡ ಸಿನಿಮಾ ಈ ವಿಷಯಕ್ಕೆ ತಡವಾಗಿ ಬಂದದ್ದೇನೂ ಅಲ್ಲ. 1964ರಲ್ಲೇ ಎನ್. ಲಕ್ಷ್ಮೀನಾರಾಯಣ್ ‘ನಾಂದಿ’ ಮಾಡಿದರು. ರಾಜ್‌ಕುಮಾರ್ ಮಾಡಿದ್ದು ಮೇಷ್ಟ್ರ ಪಾತ್ರ, ಕಿವಿ ಕೇಳದ, ಮಾತು ಬಾರದ ಹೆಂಡತಿಯಾಗಿ ಹರಿಣಿ. ಅಂಥ ಹೆಣ್ಣಿನ ಸಂಸಾರವನ್ನೇ ಕಥೆಯ ನಡುಮಧ್ಯೆ ಇಟ್ಟದ್ದು ಆ ಕಾಲಕ್ಕೆ ದೊಡ್ಡ ಮಾತು. ಹರಿಣಿ ಅವರಿಗೆ ಕಿವಿ ಕೇಳುತ್ತಿತ್ತು, ಆಗ ಬೇರೆ ರೀತಿ ಯಾರೂ ಯೋಚಿಸುತ್ತಲೂ ಇರಲಿಲ್ಲ. ತೊಂದರೆ ಏನೆಂದರೆ, 60 ವರ್ಷ ಕಳೆದ ಮೇಲೂ ಹೆಚ್ಚಿನ ಚಿತ್ರಗಳಲ್ಲಿ ಕುರುಡರ ಪಾತ್ರ ಕಣ್ಣಿರುವವರಿಗೇ, ಗಾಲಿಕುರ್ಚಿಯ ಪಾತ್ರ ನಡೆದಾಡುವವರಿಗೇ ಹೋಗುತ್ತಿದೆ.

ಇದಕ್ಕೆ ತೀರಾ ಬೇರೆಯದೇ ಉತ್ತರ ಗದಗದಲ್ಲಿದೆ. ಅದು ‘ನಾಂದಿ’ಗಿಂತ ಹಳೆಯದು.

ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯ ಎಂಬ ಹುಡುಗನಿಗೆ ಕಣ್ಣು ಕಾಣುತ್ತಿರಲಿಲ್ಲ. ಹಾನಗಲ್ ಕುಮಾರಸ್ವಾಮಿಗಳು ಅವನ ದನಿ ಕೇಳಿ ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಅವನೇ ಮುಂದೆ ಪಂಚಾಕ್ಷರ ಗವಾಯಿ ಎಂದು ಹೆಸರಾದ. ಕರ್ನಾಟಕ ಮತ್ತು ಹಿಂದೂಸ್ತಾನಿ ಎರಡರಲ್ಲೂ ಪಳಗಿದ ಅವರು ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗುತ್ತ ಪಾಠ ಹೇಳಿದರು. ಕೊನೆಗೆ ಗದಗದಲ್ಲಿ ನೆಲೆ ನಿಂತದ್ದು ವೀರೇಶ್ವರ ಪುಣ್ಯಾಶ್ರಮ. ಊಟ, ವಸತಿ, ಪಾಠ ಮೂರೂ ಉಚಿತ. 1944ರಲ್ಲಿ ಅವರು ತೀರಿಕೊಂಡ ಮೇಲೆ ಆಶ್ರಮದ ಹೊಣೆ ಬಂದದ್ದು ಅವರ ಶಿಷ್ಯ, ಚಿಕ್ಕಂದಿನಲ್ಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳಿಗೆ.

ಪುಟ್ಟರಾಜರು (1914–2010) ಹಾಡಿದರು, ಹಾರ್ಮೋನಿಯಂ, ತಬಲಾ, ಪಿಟೀಲು ನುಡಿಸಿದರು, ಕನ್ನಡ, ಸಂಸ್ಕೃತ, ಹಿಂದಿಯಲ್ಲಿ ಬರೆದರು. ಆಶ್ರಮ ನಡೆಸಲು ಹಣ ಬೇಕಲ್ಲ? ಅದಕ್ಕೆ ನಾಟಕ ಕಂಪನಿ ಕಟ್ಟಿದರು. ನಾಟಕ ತಾವೇ ಬರೆದರು, ಟಿಕೆಟ್ ಮಾರಿ ಬಂದ ದುಡ್ಡಿನಲ್ಲಿ ಮಕ್ಕಳಿಗೆ ಅನ್ನ ಹಾಕಿದರು. ಭಕ್ತರು ಮಾಡಿದ ತುಲಾಭಾರಗಳ ಹಣವೂ ಆಶ್ರಮಕ್ಕೇ ಹೋಯಿತು. 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ತೀರಿಕೊಂಡರು.

ಈ ಕಥೆಯನ್ನು ‘ಕಣ್ಣಿಲ್ಲದಿದ್ದರೂ ಸಾಧಿಸಿದರು’ ಎಂದು ಹೇಳಿ ಮುಗಿಸುವುದು ಸುಲಭ, ಹಾಗೆ ಮುಗಿಸುವವರೇ ಜಾಸ್ತಿ. ಆದರೆ ಯಾರು ಯಾರಿಗೆ ಕಲಿಸಿದರು ಎಂಬುದನ್ನು ಸ್ವಲ್ಪ ಗಮನಿಸಬೇಕು. ಬಸವರಾಜ ರಾಜಗುರು ಪಂಚಾಕ್ಷರ ಗವಾಯಿಗಳ ಶಿಷ್ಯ. ಎಂ. ವೆಂಕಟೇಶ್‌ಕುಮಾರ್ ಹತ್ತು ವರ್ಷಕ್ಕೂ ಮಿಕ್ಕಿ ಪುಟ್ಟರಾಜರ ಹತ್ತಿರ ಆಶ್ರಮದಲ್ಲಿದ್ದು ಕಲಿತವರು. ಇಬ್ಬರಿಗೂ ಕಣ್ಣಿತ್ತು. ಅಂದರೆ ಕಣ್ಣಿರುವವರು ಕಣ್ಣಿಲ್ಲದವರ ಮುಂದೆ ಕೂತು ವಿದ್ಯೆ ಬೇಡಿದರು. ಗದಗದಲ್ಲಿ ಅಂಧ ಮಕ್ಕಳಿಗೆ ಸಿಕ್ಕಿದ್ದು ಬರೀ ಆಶ್ರಯ ಅಲ್ಲ, ಕಸುಬು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಪುರಾಣ ಪ್ರವಚನ ನಡೆದರೆ ಹಾಡಲು ಒಬ್ಬ ಗವಾಯಿ, ಜೊತೆಗೆ ತಬಲಾದವರು ಬೇಕೇ ಬೇಕು. ಆಶ್ರಮದಲ್ಲಿ ಕಲಿತವರಿಗೆ ಅಲ್ಲಿ ಸಂಭಾವನೆ ಇತ್ತು, ಮರ್ಯಾದೆ ಇತ್ತು, ಮುಂದಿನ ವರ್ಷದ ಕರೆಯೂ ಇತ್ತು.

ಇದರ ಮೇಲೆ 1995ರಲ್ಲಿ ಚಿತ್ರವೂ ಬಂತು. ಚಿಂದೋಡಿ ಬಂಗಾರೇಶ್ ನಿರ್ದೇಶನದ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’. ಸಂಗೀತಕ್ಕೆ ಹಂಸಲೇಖ ಅವರಿಗೆ, ಹಾಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು. ತೆರೆಯ ಮೇಲೆ ಗವಾಯಿಯಾದವರು ಲೋಕೇಶ್. ನಟನೆಯಲ್ಲಿ ಕೊರತೆಯೇನೂ ಇಲ್ಲ. ಆದರೂ ಅಂಧ ಕಲಾವಿದರ ಸಂಸ್ಥೆಯ ಕಥೆಗೂ ಸಿನಿಮಾಕ್ಕೆ ಕಣ್ಣಿರುವ ನಾಯಕನೇ ಬೇಕಾಯಿತು ಎಂಬುದು ಉಳಿಯುತ್ತದೆ.

ನಮ್ಮ ಹತ್ತಿರದ ಕಥೆ ಕಾಸರಗೋಡಿನದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದರ ಫಲ ಎಣ್ಮಕಜೆಯಂಥ ಗಡಿ ಪಂಚಾಯತ್‌ಗಳ ಮಕ್ಕಳ ಮೈಮೇಲೆ ಬಿತ್ತು. ಕೊಕ್ಕಡದ ಕಡೆಯವರಿಗೂ ಈ ನೋವು ಗೊತ್ತು. ಡಾ. ಬಿಜು ಇದರ ಮೇಲೆ 2015ರಲ್ಲಿ ಮಲಯಾಳಂನಲ್ಲಿ ‘ವಲಿಯ ಚಿರಗುಳ್ಳ ಪಕ್ಷಿಗಳ್’ ಮಾಡಿದರು. ಪರಿಸರ ಕುರಿತ ಉತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅಲ್ಲಿ ಕಥೆ ಸಾಗುವುದು ಒಬ್ಬ ಫೋಟೋಗ್ರಾಫರನ ಕಣ್ಣಿನಿಂದ. ಆ ಮಕ್ಕಳ ಕೈಗೇ ಕ್ಯಾಮೆರಾ ಸಿಕ್ಕರೆ ಏನು ಕಾಣಬಹುದು ಎಂಬ ಸಿನಿಮಾ ಇನ್ನೂ ಬರಬೇಕು.

ನೃತ್ಯದಲ್ಲಿ ಈ ದಾರಿ ತೆರೆದವರು ಕರ್ನಾಟಕ ಮೂಲದ ಗುರು ಸೈಯದ್ ಸಲಾವುದ್ದೀನ್ ಪಾಷಾ. ಭರತನಾಟ್ಯ, ಕಥಕ್ ಬಲ್ಲ ಅವರು ದೆಹಲಿಯಲ್ಲಿ ‘ಎಬಿಲಿಟಿ ಅನ್‌ಲಿಮಿಟೆಡ್’ ಕಟ್ಟಿ, ಗಾಲಿಕುರ್ಚಿಯಲ್ಲಿರುವವರಿಗೆ, ಕಿವಿ ಕೇಳದವರಿಗೆ ಕುಣಿತ ಕಲಿಸಿದರು. ಅವರ ತಂಡದ ಸೂಫಿ ನೃತ್ಯದಲ್ಲಿ ಸುತ್ತುವುದು ಕಾಲಲ್ಲ, ಗಾಲಿ. ಕುರ್ಚಿಯನ್ನು ಮರೆಮಾಚುವ ಪ್ರಯತ್ನವೇ ಅಲ್ಲಿಲ್ಲ, ಅದು ಕಲಾವಿದನ ಮೈಯ ಭಾಗ.

ಈಗ ಕಾನೂನು ಏನು ಹೇಳುತ್ತದೆ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ವಿಕಲಚೇತನ ಕಲಾವಿದರಿಗೆ, ಲೇಖಕರಿಗೆ ಸೌಲಭ್ಯ ಮತ್ತು ನೆರವು ನೀಡಬೇಕು ಎಂದು ಅದರ 29ನೇ ಸೆಕ್ಷನ್ ಸರ್ಕಾರಕ್ಕೆ ಹೇಳುತ್ತದೆ. ಸಾರ್ವಜನಿಕವಾಗಿ ಬೇಕೆಂದೇ ಅವಮಾನಿಸಿದರೆ 92ನೇ ಸೆಕ್ಷನ್‌ನಡಿ 6 ತಿಂಗಳಿಂದ 5 ವರ್ಷ ಜೈಲು ಶಿಕ್ಷೆಗೆ ಅವಕಾಶವಿದೆ.

ಸಿನಿಮಾ ಬಗ್ಗೆ ಸುಪ್ರೀಂ ಕೋರ್ಟ್ 2024ರ ಜುಲೈ 8ರಂದು ನಿಪುಣ್ ಮಲ್ಹೋತ್ರಾ ಪ್ರಕರಣದಲ್ಲಿ ಮಾತಾಡಿತು. ‘ಆಂಖ್ ಮಿಚೋಲಿ’ ಎಂಬ ಹಿಂದಿ ಚಿತ್ರ ವಿಕಲಚೇತನರನ್ನು ಗೇಲಿ ಮಾಡಿದೆ ಎಂಬ ದೂರು ಅದು. ಕೋರ್ಟು ಚಿತ್ರಕ್ಕೆ ಕತ್ತರಿ ಹಾಕಲಿಲ್ಲ, ಆದರೆ ಒಂದು ಗೆರೆ ಎಳೆಯಿತು. ವಿಕಲಚೇತನರ ಬದುಕನ್ನು ಅರ್ಥ ಮಾಡಿಸುವ ನಗು ಬೇರೆ, ಅವರನ್ನು ಕುಗ್ಗಿಸುವ ನಗು ಬೇರೆ. ಹೀಯಾಳಿಸುವ ಪದ ಬಿಡಿ, ಕಾಯಿಲೆಯನ್ನು ತಪ್ಪಾಗಿ ತೋರಿಸಬೇಡಿ, ಅವರ ಬಗ್ಗೆ ಚಿತ್ರ ಮಾಡುವಾಗ ಅವರನ್ನೂ ಸೇರಿಸಿಕೊಳ್ಳಿ ಎಂದಿತು. ಬೀದಿಯ ಅಡ್ಡಹೆಸರಿಗೂ, ನಮ್ಮ ವಾಟ್ಸ್‌ಆ್ಯಪ್ ಗ್ರೂಪುಗಳ ಕಾಮಿಡಿ ಕ್ಲಿಪ್ಪುಗಳಿಗೂ ಇದೇ ಗೆರೆ ಹಿಡಿದು ನೋಡಬಹುದು.

ಇನ್ನು ನೋಡುವವರ ಪಾಲು. ಕೇಂದ್ರ ವಾರ್ತಾ ಸಚಿವಾಲಯ 2024ರ ಮಾರ್ಚ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಕಿವಿ ಕೇಳದವರಿಗೆ ಪರದೆಯ ಮೇಲೆ ಬರಹ, ಕಣ್ಣು ಕಾಣದವರಿಗೆ ದೃಶ್ಯ ವಿವರಿಸುವ ದನಿ ಹಂತಹಂತವಾಗಿ ಬರಬೇಕು. ಬರಹ ಎಂದರೆ ಬರೀ ಮಾತಿನ ಅನುವಾದವಲ್ಲ. ಬಾಗಿಲು ಬಡಿದ ಸದ್ದು, ದೂರದ ಅಳು, ಹಾಡು ಶುರುವಾದದ್ದು ಎಲ್ಲವನ್ನೂ ಬರೆದು ತೋರಿಸಬೇಕು. ದೃಶ್ಯ ವಿವರಣೆ ಸಂಭಾಷಣೆಗಳ ನಡುವಿನ ಮೌನದಲ್ಲಿ, ಕೇಳುವವರ ಇಯರ್‌ಫೋನಿಗೆ ಮಾತ್ರ ಬರುತ್ತದೆ.

ಉದ್ಗೀರಿನಲ್ಲಿ ಮನೆಮಾತು ಕನ್ನಡವಾಗಿರುವ ಅಂಧ ಹುಡುಗಿಯೊಬ್ಬಳು ಮರಾಠಿ ಚಿತ್ರಕ್ಕೆ ಹೋದರೆ ಆ ವಿವರಣೆ ಯಾವ ಭಾಷೆಯಲ್ಲಿರಬೇಕು? ಸಣ್ಣ ಊರಿನ ಥಿಯೇಟರ್‌ಗಳಲ್ಲಿ ಗಾಲಿಕುರ್ಚಿ ಒಳಹೋಗುವ ಇಳಿಜಾರು ಸಿಗುವುದೇ ಕಷ್ಟ, ಆಮೇಲೆ ತಾನೇ ಇಯರ್‌ಫೋನ್. ನಮ್ಮ ಊರುಗಳ ಸಭಾಭವನ, ಶಾಲಾ ವಾರ್ಷಿಕೋತ್ಸವದ ವೇದಿಕೆಗಳಿಗೂ ಮೆಟ್ಟಿಲೇ ಇರುವುದು. ಬಹುಮಾನ ತಗೊಳ್ಳಲು ಬಂದ ಮಗುವನ್ನು ಇಬ್ಬರು ಎತ್ತಿಕೊಂಡು ಹತ್ತಿಸುತ್ತಾರೆ, ಸಭೆ ಚಪ್ಪಾಳೆ ತಟ್ಟುತ್ತದೆ. ಆ ಮಗುವಿಗೆ ಬೇಕಾಗಿದ್ದದ್ದು ಒಂದು ಹಲಗೆಯ ಇಳಿಜಾರು.