ರೈಲು ಹತ್ತಿ ಬಂದ ಜ್ವರ

1896ರ ಸೆಪ್ಟೆಂಬರಿನಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ಪ್ಲೇಗು ಬೆಂಗಳೂರು ಮುಟ್ಟಿದ್ದು 1898ರ ಆಗಸ್ಟಿನಲ್ಲಿ. ಹತ್ತಿರಹತ್ತಿರ ಎರಡು ವರ್ಷ. ಅದೇ ಮುಂಬೈಯಲ್ಲಿ 1918ರ ಸೆಪ್ಟೆಂಬರಿನಲ್ಲಿ ಜೋರಾದ ಇನ್‌ಫ್ಲುಯೆಂಜಾ ಅಕ್ಟೋಬರಿನ ಹೊತ್ತಿಗೆ ಬೆಂಗಳೂರಿನಲ್ಲಿತ್ತು. ಹಳಿ ಅದೇ, ಊರುಗಳೂ ಅವೇ. ಹಾಗಾದ್ರೆ ಈ ಜ್ವರಕ್ಕೆ ಅಷ್ಟೊಂದು ಅವಸರ ಎಲ್ಲಿಂದ ಬಂತು?

ಪ್ಲೇಗಿಗೆ ಇಲಿ ಬೇಕು, ಇಲಿಯ ಮೈಮೇಲಿನ ಚಿಗಟ ಬೇಕು. ಫ್ಲೂಗೆ ಮನುಷ್ಯ ಸಾಕು, ಅವನು ಕೆಮ್ಮಿದರೆ ಸಾಕು. ಸೋಂಕು ತಗುಲಿ ಜ್ವರ ಬರೋಕೆ ಒಂದರಿಂದ ನಾಲ್ಕು ದಿನ. ಜ್ವರ ಕಾಣಿಸಿಕೊಳ್ಳುವ ಹಿಂದಿನ ದಿನವೇ ಆತ ಇನ್ನೊಬ್ಬರಿಗೆ ಅಂಟಿಸಬಲ್ಲ. ಮುಂಬೈಯಲ್ಲಿ ಚೆನ್ನಾಗಿಯೇ ರೈಲು ಹತ್ತಿ, ಪುಣೆಯಲ್ಲಿ ಗಾಡಿ ಬದಲಿಸಿ, ಮೀರಜ್, ಬೆಳಗಾವಿ, ಧಾರವಾಡ ದಾಟಿ ಹುಬ್ಬಳ್ಳಿಯಲ್ಲಿ ಇಳಿದವನು ಮನೆಗೆ ಹೋಗಿ ಮಲಗುತ್ತಿದ್ದ. ಪ್ಲೇಗಿನ ಕಾಲದಲ್ಲಿ ಸ್ಟೇಷನ್ನುಗಳಲ್ಲಿ ಪ್ರಯಾಣಿಕರ ಮೈ ಮುಟ್ಟಿ ನೋಡುತ್ತಿದ್ದರಲ್ಲ, ಇಲ್ಲಿ ಹಾಗೆ ನೋಡಿದರೂ ಕೈಗೆ ಏನೂ ಬಿಸಿ ತಾಕುತ್ತಿರಲಿಲ್ಲ!

ಮೊದಲ ಸುಳಿವು ಸಿಕ್ಕಿದ್ದು ಜೂನಿನಲ್ಲೇ. ಮುಂಬೈಯ ಕೆಲವು ಪೊಲೀಸ್ ಸಿಪಾಯಿಗಳು ಜ್ವರ ಅಂತ ಆಸ್ಪತ್ರೆ ಸೇರಿದರು, ಅವರಲ್ಲೊಬ್ಬನ ಪಹರೆ ಇದ್ದದ್ದು ಹಡಗುಕಟ್ಟೆಯಲ್ಲಿ. ಮಹಾಯುದ್ಧದ ಸೈನಿಕರು ಹಡಗಿನಲ್ಲಿ ಬಂದು ಹೋಗುತ್ತಿದ್ದ ಕಾಲ ಅದು. ಆ ಮೊದಲ ಅಲೆಯಲ್ಲಿ ಮಲಗಿದವರು ಬಹಳ, ಸತ್ತವರು ಕಡಿಮೆ. ಜನ ಸುಧಾರಿಸಿಕೊಂಡರು. ಸೆಪ್ಟೆಂಬರಿನಲ್ಲಿ ಎರಡನೆಯದು ಬಂತು. ಅಕ್ಟೋಬರ್ 6ರಂದು ಮುಂಬೈ ಒಂದರಲ್ಲೇ 768 ಸಾವು.

ಅಲ್ಲಿಂದ ಅದು ರೈಲು ಹಳಿ ಹಿಡಿದು ದಕ್ಷಿಣಕ್ಕೂ ಉತ್ತರಕ್ಕೂ ಪೂರ್ವಕ್ಕೂ ಹರಿಯಿತು. ಜಂಕ್ಷನ್ನಿಂದ ಪೇಟೆಗೆ, ಪೇಟೆಯಿಂದ ಸಂತೆಗೆ, ಸಂತೆಯಿಂದ ಹಳ್ಳಿಗೆ. ವಿಚಿತ್ರ ಅಂದ್ರೆ, ಪೂರ್ವಕ್ಕೆ ಹೋಗ್ತಾ ಹೋಗ್ತಾ ಅದರ ಕೊಲ್ಲುವ ಕಸುವು ತಗ್ಗಿತು. ಮುಂಬೈ ಪ್ರಾಂತ್ಯಕ್ಕೆ ಬಿದ್ದ ಪೆಟ್ಟು ಬಂಗಾಳಕ್ಕೆ ಬೀಳಲಿಲ್ಲ. ವೈರಸ್ಸೇ ಸೌಮ್ಯವಾಯಿತು ಅನ್ನುವವರಿದ್ದಾರೆ, ಹವಾಮಾನ ಕಾರಣ ಅನ್ನುವವರೂ ಇದ್ದಾರೆ. ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರ ಆಗ ಇದ್ದದ್ದು ಮುಂಬೈ ಪ್ರಾಂತ್ಯದಲ್ಲೇ ಅನ್ನೋದನ್ನ ಮರೆಯಬಾರದು.

ಆದರೆ ರೈಲೊಂದನ್ನೇ ದೂರಿದರೆ ಅರ್ಧ ಕತೆ ಹೇಳಿದ ಹಾಗೆ. ರೈಲು ಜ್ವರವನ್ನು ಊರಿಗೆ ತಂದಿತು, ಅಷ್ಟೆ. ಆ ವರ್ಷ ಮುಂಗಾರು ಕೈಕೊಟ್ಟಿತ್ತು, ಧಾನ್ಯದ ಬೆಲೆ ಏರಿತ್ತು. ಹಸಿದ ಮೈಗೆ ಜ್ವರದ ಜೊತೆ ನ್ಯುಮೋನಿಯಾ ಸೇರಿದಾಗ ತಡೆದುಕೊಳ್ಳುವ ತ್ರಾಣ ಎಲ್ಲಿರುತ್ತೆ? ಸತ್ತವರಲ್ಲಿ ಇಪ್ಪತ್ತರಿಂದ ನಲವತ್ತರ ಪ್ರಾಯದವರೇ ಹೆಚ್ಚು. ಗಂಡಸರಿಗಿಂತ ಹೆಂಗಸರು ಹೆಚ್ಚು. ಮನೆಯಲ್ಲಿ ಮಲಗಿದವರಿಗೆ ಗಂಜಿ ಕಾಯಿಸಿ ಕುಡಿಸುತ್ತಿದ್ದವರು ಅವರೇ ತಾನೆ?

ಇಡೀ ದೇಶದಲ್ಲಿ ಸತ್ತವರು ಒಂದು ಕೋಟಿಗೂ ಮೀರಿ ಅಂತ ಅಂದಾಜು. 1911ರಲ್ಲಿ ಸುಮಾರು 25.2 ಕೋಟಿ ಇದ್ದ ಜನಸಂಖ್ಯೆ 1921ರ ಗಣತಿಯಲ್ಲಿ 25.1 ಕೋಟಿಗೆ ಇಳಿದಿತ್ತು. ಆಮೇಲೆ ಯಾವ ಗಣತಿಯಲ್ಲೂ ಹಾಗೆ ಇಳಿದಿಲ್ಲ.

ಈಗಲೂ ಮಳೆಗಾಲದಲ್ಲಿ ಫ್ಲೂ ಬರುತ್ತೆ, ಬಸ್ಸು ರೈಲು ವಿಮಾನ ಎಲ್ಲ ಹತ್ತುತ್ತೆ. ಅದನ್ನು ಗಡಿಯಲ್ಲಿ ನಿಲ್ಲಿಸೋಕೆ ಆಗಲ್ಲ. ಆದರೆ ಅದು ಬಂದಿಳಿಯುವ ಮನೆಯಲ್ಲಿ ಎರಡು ಹೊತ್ತು ಊಟ, ಮಲಗಿದವಳಿಗೆ ನಾಲ್ಕು ದಿನದ ರಜೆ, ಹತ್ತಿರದಲ್ಲೊಬ್ಬ ಡಾಕ್ಟರು ಇರುವ ಹಾಗೆ ಮಾಡೋಕೆ ಆಗುತ್ತೆ. 1918ರಲ್ಲಿ ಇಲ್ಲದೆ ಹೋದದ್ದು ಇವೇ.