ತಲೆಪೆಟ್ಟಿನ ಅನಂತರ: ಮಿದುಳಿನ ಗಾಯದಿಂದ ಚೇತರಿಸಿಕೊಂಡವರ ಚರಿತ್ರೆಯ ಕೆಲವು ಪುಟಗಳು

ತಲೆಯ ಗಾಯಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಶಸ್ತ್ರವೈದ್ಯರೇ. ಆದುದರಿಂದ ಆ ಚರಿತ್ರೆಯು ಶಸ್ತ್ರವೈದ್ಯನು ಕೈತೊಳೆದುಕೊಳ್ಳುವಲ್ಲಿಗೆ ಮುಗಿದುಹೋಗುವುದು ವಾಡಿಕೆ. ಕ್ರಿ. ಪೂ. ೧೬೦೦ರ ಸುಮಾರಿಗೆ ನಕಲಾದ, ಎಡ್ವಿನ್ ಸ್ಮಿತ್ ಎಂಬವನ ಹೆಸರಿನಿಂದ ಪ್ರಸಿದ್ಧವಾಗಿರುವ ಈಜಿಪ್ಟಿನ ಪಪೈರಸ್ ಸುರುಳಿಯಲ್ಲಿ ೪೮ ಗಾಯಾಳುಗಳ ವಿವರವಿದೆ. ಮೊದಲ ೨೭ ತಲೆಗೂ ಮುಖಕ್ಕೂ ಸಂಬಂಧಿಸಿದವು. ವೈದ್ಯನು ಅವುಗಳನ್ನು ಗುಣಪಡಿಸಬಲ್ಲವು, ಪ್ರಯತ್ನಿಸಿ ನೋಡತಕ್ಕವು, ಕೈಬಿಡಬೇಕಾದವು ಎಂದು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ಆ ವಿಂಗಡಣೆಯ ಪ್ರೌಢಿಮೆಯನ್ನು ಇಂದಿನ ವೈದ್ಯರೂ ಮೆಚ್ಚುತ್ತಾರೆ. ಆದರೆ ಗುಣವಾಗಿ ಮನೆಗೆ ಹಿಂದಿರುಗಿದ ಮನುಷ್ಯನು ಮುಂದೆ ಏನಾದನು? ಬಿಸಿಲಿನಲ್ಲಿ ಕಣ್ಣು ಬಿಡಲು ಅವನಿಗೆ ಆಗುತ್ತಿತ್ತೆ? ಹೆಂಡತಿ ಮಕ್ಕಳ ಮೇಲೆ ಕಾರಣವಿಲ್ಲದೆ ರೇಗುತ್ತಿದ್ದನೆ? ಹಿಂದಿನ ಕೆಲಸವನ್ನು ಅವನಿಗೆ ಮತ್ತೆ ಕೊಟ್ಟರೆ? ಸುರುಳಿಯು ಇವಕ್ಕೆ ಉತ್ತರ ಹೇಳುವುದಿಲ್ಲ. ಅನಂತರದ ಮೂರೂವರೆ ಸಾವಿರ ವರ್ಷಗಳ ವೈದ್ಯಗ್ರಂಥಗಳೂ ಈ ವಿಷಯದಲ್ಲಿ ಹೆಚ್ಚು ಮಾತಾಡಿಲ್ಲ.

ನಮ್ಮ ಆಡುಮಾತೂ ಇದಕ್ಕಿಂತ ಮುಂದೆ ಹೋಗಿಲ್ಲವೆನ್ನಬೇಕು. ತಲೆಗೆ ಪೆಟ್ಟಾದವನನ್ನು ಕುರಿತು ‘ಪುಣ್ಯಕ್ಕೆ ಉಳಿದುಕೊಂಡ’ ಎನ್ನುತ್ತೇವೆ. ಆರು ತಿಂಗಳ ಮೇಲೆ ಅವನೇ ಮಾತು ಮರೆತರೆ, ಗದ್ದಲ ತಾಳಲಾರದೆ ಎದ್ದುಹೋದರೆ ‘ಅವನ ತಲೆ ನೆಟ್ಟಗಿಲ್ಲ’ ಎನ್ನುತ್ತೇವೆ. ಈ ಎರಡು ಮಾತುಗಳ ನಡುವಣ ಅವಧಿಯಲ್ಲಿ ಗಾಯಾಳುವು ತಾನೇ ತನಗಾಗಿ ಮಾಡಿಕೊಂಡ ದುಡಿಮೆ ಎಂಥದೆಂಬುದೇ ಪ್ರಸ್ತುತ ಲೇಖನದ ವಿಷಯ.

ಈ ಚರಿತ್ರೆಯಲ್ಲಿ ಅತ್ಯಂತ ಪ್ರಸಿದ್ಧನೂ, ಅತ್ಯಂತ ಅನ್ಯಾಯಕ್ಕೆ ಗುರಿಯಾದವನೂ ಫಿನಿಯಾಸ್ ಗೇಜ್. ೧೮೪೮ನೆಯ ಸೆಪ್ಟೆಂಬರ್ ೧೩ರಂದು ಅಮೆರಿಕದ ವರ್ಮಾಂಟ್ ಪ್ರಾಂತದ ಕ್ಯಾವೆಂಡಿಷ್ ಎಂಬ ಊರಿನ ಬಳಿ ರೈಲುದಾರಿಗಾಗಿ ಬಂಡೆ ಸಿಡಿಸುವ ಕೆಲಸ ನಡೆದಿತ್ತು. ಇಪ್ಪತ್ತೈದು ವರ್ಷದ ಗೇಜ್ ಆ ಕೆಲಸಗಾರರ ಮೇಸ್ತ್ರಿ. ಕುಳಿಯಲ್ಲಿ ಮದ್ದನ್ನು ಜಡಿಯುವಾಗ ಕಿಡಿ ಹಾರಿ, ಮೂರು ಅಡಿ ಏಳು ಅಂಗುಲ ಉದ್ದದ, ಹದಿಮೂರು ಪೌಂಡಿಗೂ ಮಿಕ್ಕಿದ ತೂಕದ ಕಬ್ಬಿಣದ ಹಾರೆಯು ಅವನ ಎಡಗೆನ್ನೆಯ ಬಳಿ ಹೊಕ್ಕು, ಎಡಗಣ್ಣಿನ ಹಿಂದಿನಿಂದ ಹಾದು ನೆತ್ತಿಯನ್ನು ಭೇದಿಸಿ ಹೊರಬಿದ್ದಿತು. ಕೆಲವೇ ನಿಮಿಷಗಳಲ್ಲಿ ಅವನು ಮಾತಾಡಿದನು. ಎತ್ತಿನ ಗಾಡಿಯಲ್ಲಿ ನೆಟ್ಟಗೆ ಕುಳಿತು ಬಿಡಾರಕ್ಕೆ ಬಂದನು. ಜಾನ್ ಮಾರ್ಟಿನ್ ಹಾರ್ಲೋ ಎಂಬ ಹಳ್ಳಿಯ ತರುಣ ವೈದ್ಯನು ಅವನನ್ನು ನೋಡಿಕೊಂಡನು. ಗಾಯವು ಕೀವುಗಟ್ಟಿ ಗೇಜ್ ಸಾವಿನ ಅಂಚಿಗೆ ಹೋಗಿ ಮರಳಿದನು. ಹತ್ತು ವಾರಗಳ ತರುವಾಯ ನ್ಯೂ ಹ್ಯಾಂಪ್ಷೈರಿನಲ್ಲಿದ್ದ ತಂದೆತಾಯಿಗಳ ಮನೆಯನ್ನು ಸೇರಿದನು.

ಪಠ್ಯಪುಸ್ತಕಗಳು ಇಲ್ಲಿಂದ ಒಂದೇ ನೆಗೆತಕ್ಕೆ ಅವನ ಸ್ವಭಾವಭ್ರಂಶಕ್ಕೆ ಹಾರುತ್ತವೆ. ಮೊದಲು ಶಾಂತನೂ ಕಾರ್ಯದಕ್ಷನೂ ಆಗಿದ್ದವನು ಅನಂತರ ಚಂಚಲನೂ ಒರಟನೂ ಹಟಮಾರಿಯೂ ಆದನೆಂದೂ, ಗೆಳೆಯರು ಇವನು ಹಿಂದಿನ ಗೇಜ್ ಅಲ್ಲವೆಂದರೆಂದೂ, ರೈಲುದಾರಿಯ ಗುತ್ತಿಗೆದಾರರು ಅವನಿಗೆ ಮೇಸ್ತ್ರಿಯ ಕೆಲಸವನ್ನು ಮರಳಿ ಕೊಡಲಿಲ್ಲವೆಂದೂ ಹಾರ್ಲೋ ೧೮೬೮ರಲ್ಲಿ ಬರೆದುದು ನಿಜ. ಕಾಲಕ್ರಮದಲ್ಲಿ ಇದಕ್ಕೆ ರೆಕ್ಕೆಪುಕ್ಕ ಸೇರಿ ಗೇಜ್ ಕುಡುಕನಾದನು, ಅಲೆಮಾರಿಯಾದನು ಎಂಬ ಕಥೆ ಬೆಳೆಯಿತು. ಆಸ್ಟ್ರೇಲಿಯದ ಮನಶ್ಶಾಸ್ತ್ರಜ್ಞ ಮಾಲ್ಕಮ್ ಮ್ಯಾಕ್ಮಿಲನ್ ೨೦೦೦ದಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮೂಲದಾಖಲೆಗಳನ್ನು ಒಂದೊಂದಾಗಿ ಶೋಧಿಸಿ, ಈ ಕಥೆಯ ಬಹುಭಾಗಕ್ಕೆ ಆಧಾರವೇ ಇಲ್ಲವೆಂದು ತೋರಿಸಿದರು.

ಯಾರೂ ಹೆಚ್ಚಾಗಿ ಎತ್ತಿ ಹೇಳದ ಒಂದು ಸಣ್ಣ ಸಂಗತಿಯಿದೆ. ಮನೆಗೆ ಬಂದ ಚಳಿಗಾಲದ ಕೊನೆಯಲ್ಲಿ ಗೇಜ್ ಕುದುರೆಗಳ, ದನಗಳ ಆರೈಕೆಯಂಥ ಅಲ್ಪಸ್ವಲ್ಪ ಕೆಲಸ ಮಾಡಬಲ್ಲವನಾದನು. ಉಳುಮೆಯ ಕಾಲಕ್ಕೆ ಅರ್ಧ ದಿನದ ದುಡಿಮೆಯನ್ನು ತಾಳಿಕೊಳ್ಳುವಷ್ಟು ಸುಧಾರಿಸಿದನು. ಮೊದಲು ಕೊಟ್ಟಿಗೆ, ಆಮೇಲೆ ಹೊಲ, ಅದೂ ಅರ್ಧ ದಿನ. ಯಾವ ವೈದ್ಯನೂ ವಿಧಿಸದ ಈ ಕ್ರಮವನ್ನು ಒಂದು ಒಕ್ಕಲುಮನೆಯು ತನ್ನ ಪಾಡಿಗೆ ತಾನು ಕಂಡುಕೊಂಡಿತ್ತು.

ಆ ಬಳಿಕ ಗೇಜ್ ಕೆಲಕಾಲ ನ್ಯೂಯಾರ್ಕಿನ ಬಾರ್ನಮ್ ಪ್ರದರ್ಶನಾಲಯದಲ್ಲಿ ಹಾರೆಯೊಡನೆ ಜನರ ಮುಂದೆ ನಿಂತನು. ಇದನ್ನು ಹೀನಾಯವೆಂದು ಬಗೆಯುವವರು, ಕೆಲಸ ಕಳೆದುಕೊಂಡವನಿಗೆ ಅದೂ ಒಂದು ಸಂಪಾದನೆಯೆಂಬುದನ್ನು ಮರೆಯಬಾರದು. ಅನಂತರ ಹ್ಯಾನೋವರ್ ಎಂಬ ಊರಿನ ಕುದುರೆಲಾಯದಲ್ಲಿ ಸುಮಾರು ಒಂದೂವರೆ ವರ್ಷ ದುಡಿದನು. ೧೮೫೨ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋಗಿ, ವಾಲ್ಪರೈಸೊ ಮತ್ತು ಸಾಂತಿಯಾಗೊ ಪಟ್ಟಣಗಳ ನಡುವೆ ಕುದುರೆಬಂಡಿಯ ಸಾರಥಿಯಾಗಿ ಸುಮಾರು ಏಳು ವರ್ಷ ಕಳೆದನು. ಆರು ಕುದುರೆಗಳ ಲಗಾಮುಗಳನ್ನು ಬೆರಳುಗಳ ನಡುವೆ ಬೇರೆ ಬೇರೆಯಾಗಿ ಹಿಡಿಯಬೇಕು. ಪ್ರಯಾಣಿಕರ ಸಾಮಾನು ಏರಿಸಬೇಕು. ಹೊತ್ತಿಗೆ ಸರಿಯಾಗಿ ಹೊರಡಬೇಕು. ಅಲ್ಲಿ ಅವನನ್ನು ಬಲ್ಲ ವೈದ್ಯನೊಬ್ಬನು, ಗೇಜ್ ಆರೋಗ್ಯವಾಗಿದ್ದನು, ಅವನ ಬುದ್ಧಿಶಕ್ತಿಗೆ ಕುಂದಿರಲಿಲ್ಲ ಎಂದು ತಿಳಿಸಿದ ಸಂಗತಿ ಇಪ್ಪತ್ತೊಂದನೆಯ ಶತಮಾನದಲ್ಲಿ ಬೆಳಕಿಗೆ ಬಂದಿತು. ದಿನದಿನವೂ ಒಂದೇ ಹಾದಿ, ಒಂದೇ ಅನುಕ್ರಮ, ಒಂದೇ ವೇಳೆ ಎಂಬ ಕಟ್ಟುಪಾಡೇ ಅವನ ಚೆದರಿದ ಮನಸ್ಸಿಗೆ ಹೊರಗಿನಿಂದ ಊರೆಗೋಲಾಯಿತೆಂಬುದು ಮ್ಯಾಕ್ಮಿಲನ್ ಅವರ ವಾದ.

ಈ ವಾದಕ್ಕೆ ನಾನೊಂದು ಮಾತನ್ನು ಸೇರಿಸಬಯಸುತ್ತೇನೆ. ಕ್ಯಾವೆಂಡಿಷಿನಲ್ಲಿ ಗೇಜನನ್ನು ಪ್ರತಿಯೊಬ್ಬರೂ ಹಿಂದಿನ ಗೇಜಿನೊಡನೆ ತೂಗಿ ನೋಡುತ್ತಿದ್ದರು. ವಾಲ್ಪರೈಸೊದಲ್ಲಿ ಹಿಂದಿನ ಗೇಜನ್ನು ಕಂಡವರೇ ಇರಲಿಲ್ಲ. ಕಂಡವರು ಒಬ್ಬ ಒಕ್ಕಣ್ಣಿನ ಪರದೇಶಿ ಸಾರಥಿಯನ್ನು ಮಾತ್ರ. ಅವನು ಬಂಡಿಯನ್ನು ಚೆನ್ನಾಗಿ ಓಡಿಸಿದರೆ ಅವರಿಗೆ ಸಾಕಾಗಿತ್ತು. ಊರು ಬಿಟ್ಟು ಬಂದು ಅನ್ಯಭಾಷೆಯ ನಡುವೆ ಬಾಳುವುದರ ಕಷ್ಟಗಳನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾಗಿಲ್ಲ. ಪರಸ್ಥಳದಲ್ಲಿ ನಮ್ಮ ಪೂರ್ವವೃತ್ತಾಂತವನ್ನು ಬಲ್ಲವರಿಲ್ಲದಿರುವುದು ಒಮ್ಮೊಮ್ಮೆ ಒಂದು ಸೌಕರ್ಯವೂ ಆಗಬಲ್ಲುದೆಂಬುದನ್ನು ಅವರು ಬಲ್ಲರು. ೧೮೫೯ರಲ್ಲಿ ಆರೋಗ್ಯ ಕೆಟ್ಟು ಗೇಜ್ ಸಾನ್ ಫ್ರಾನ್ಸಿಸ್ಕೋದಲ್ಲಿದ್ದ ತಾಯಿಯ ಬಳಿಗೆ ಬಂದನು. ಅಪಸ್ಮಾರದ ಸೆಳೆತಗಳು ಕಾಣಿಸಿಕೊಂಡು ೧೮೬೦ರ ಮೇ ೨೧ರಂದು ತೀರಿಕೊಂಡನು. ಅವನ ತಲೆಬುರುಡೆಯೂ ಆ ಹಾರೆಯೂ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ೨೦೦೯ರಲ್ಲಿ ಅವನದೆಂದು ಗುರುತಿಸಲಾದ ಹಳೆಯ ಛಾಯಾಚಿತ್ರವೊಂದರಲ್ಲಿ ಎಡಗಣ್ಣು ಮುಚ್ಚಿದ, ಅಚ್ಚುಕಟ್ಟಾಗಿ ಉಡುಪು ಧರಿಸಿದ, ಹಾರೆಯನ್ನು ದಂಡದಂತೆ ಹಿಡಿದ ತರುಣನೊಬ್ಬನು ಕುಳಿತಿದ್ದಾನೆ. ಅಲೆಮಾರಿಯ ಕಥೆಯನ್ನು ನಂಬಿದವರು ಆ ಮುಖವನ್ನೊಮ್ಮೆ ನೋಡಬೇಕು.

ಒಬ್ಬೊಬ್ಬರ ಸಂಗತಿಯಿಂದ ಒಂದು ಶಾಸ್ತ್ರ ಹುಟ್ಟಲು ಮೊದಲನೆಯ ಮಹಾಯುದ್ಧವೇ ಬರಬೇಕಾಯಿತು. ಗುಂಡಿನಿಂದ ಮಿದುಳಿಗೆ ಗಾಯವಾಗಿಯೂ ಬದುಕುಳಿದ ಸೈನಿಕರು ಸಾವಿರಗಟ್ಟಲೆ ಹಿಂದಿರುಗಿದರು. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಕುರ್ಟ್ ಗೋಲ್ಡ್‌ಸ್ಟೈನ್ ಅಂಥವರಿಗಾಗಿಯೇ ಒಂದು ಸಂಸ್ಥೆಯನ್ನು ನಡೆಸಿದನು. ಅಲ್ಲಿ ಚಿಕಿತ್ಸೆಯೊಡನೆ ಪಾಠವೂ ಕಸುಬಿನ ತರಬೇತಿಯೂ ಇದ್ದವು. ಅವನ ಒಂದು ಅವಲೋಕನ ಮಾರ್ಮಿಕವಾದುದು. ಈ ಗಾಯಾಳುಗಳು ತಮ್ಮ ಬೀರುಗಳಲ್ಲಿ ಪ್ರತಿ ವಸ್ತುವನ್ನೂ ನಿಯಮಿತ ಸ್ಥಳದಲ್ಲಿಯೇ ಇಡುತ್ತಿದ್ದರು. ಒಂದು ವಸ್ತು ಕದಲಿದರೂ ಕಳವಳಗೊಳ್ಳುತ್ತಿದ್ದರು. ನೋಡಿದವರಿಗೆ ಇದು ಗೀಳು. ಗೋಲ್ಡ್‌ಸ್ಟೈನ್ ಅದನ್ನು ಬೇರೆಯಾಗಿ ಓದಿದನು: ನಿಭಾಯಿಸಲಾಗದ ಸನ್ನಿವೇಶ ಎದುರಾದಾಗ ಕುಸಿದುಬೀಳುವ ಮನುಷ್ಯನು, ಅಂಥ ಸನ್ನಿವೇಶವೇ ಒದಗದಂತೆ ತನ್ನ ಪ್ರಪಂಚವನ್ನು ಕಿರಿದುಮಾಡಿಕೊಳ್ಳುತ್ತಿದ್ದಾನೆ. ರೋಗದ ಲಕ್ಷಣವೆಂದು ತೋರುವುದು ರೋಗಿಯ ಆತ್ಮರಕ್ಷಣೆಯೂ ಆಗಿರಬಹುದೆಂಬ ಈ ತಿಳಿವಳಿಕೆಯು ಮನೆಮಂದಿಗೆ ಎಷ್ಟು ಕಲಹವನ್ನು ಉಳಿಸೀತು! ಯಹೂದ್ಯನಾದ ಗೋಲ್ಡ್‌ಸ್ಟೈನ್ ೧೯೩೩ರಲ್ಲಿ ಸೆರೆಸಿಕ್ಕಿ, ಬಳಿಕ ದೇಶವನ್ನೇ ತೊರೆಯಬೇಕಾಯಿತು.

ಎರಡನೆಯ ಮಹಾಯುದ್ಧದಲ್ಲಿ ರಷ್ಯದ ಜಸೆತ್ಸ್ಕಿ ಎಂಬ ತರುಣ ಸೇನಾಧಿಕಾರಿಗೆ ೧೯೪೩ರ ಮಾರ್ಚಿಯಲ್ಲಿ ತಲೆಗೆ ಗುಂಡು ತಗಲಿತು. ತಾಂತ್ರಿಕ ವಿದ್ಯಾಲಯದಲ್ಲಿ ಓದುತ್ತಿದ್ದ ಅವನಿಗೆ ಅಕ್ಷರಗಳೇ ಅಪರಿಚಿತವಾದವು, ದೃಷ್ಟಿಯ ಬಲಭಾಗ ಇಲ್ಲವಾಯಿತು, ಎಡಬಲಗಳು ಕಲಸಿಹೋದವು. ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯ ಅವನನ್ನು ದಶಕಗಳ ಕಾಲ ಗಮನಿಸಿ, ೧೯೭೧ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಒಂದೊಂದೇ ಅಕ್ಷರವನ್ನು ನೆನೆದು ಬರೆಯಹೊರಟಾಗ ಜಸೆತ್ಸ್ಕಿಗೆ ಏನೂ ಸಾಧ್ಯವಾಗುತ್ತಿರಲಿಲ್ಲ. ಕೈಯೆತ್ತದೆ ಪದವನ್ನು ಒಂದೇ ಓಟದಲ್ಲಿ ಬರೆಯುವಂತೆ ವೈದ್ಯರು ಹೇಳಿದರು. ಬರೆದನು! ಕೈಗೆ ಬಾಲ್ಯದಿಂದ ಅಭ್ಯಾಸವಾಗಿದ್ದ ಚಲನೆಯು ಗಾಯದಿಂದ ಪಾರಾಗಿ ಉಳಿದಿತ್ತು. ಆದರೆ ಬರೆದುದನ್ನು ತಾನೇ ಓದಲು ಪಡಬೇಕಾದ ಪಾಡು ತಪ್ಪಲಿಲ್ಲ. ಹೀಗಿದ್ದೂ ಇಪ್ಪತ್ತೈದು ವರ್ಷಗಳಲ್ಲಿ ಮೂರು ಸಾವಿರ ಪುಟಗಳಷ್ಟು ಬರೆದನು. ಎಷ್ಟೋ ದಿನ ಇಡೀ ದಿನಕ್ಕೆ ಕೆಲವೇ ಸಾಲುಗಳು. ಅವನು ಪೂರ್ತಿ ಗುಣವಾಗಲಿಲ್ಲ, ಉದ್ಯೋಗಕ್ಕೆ ಮರಳಲಿಲ್ಲ. ಚೇತರಿಕೆಯೆಂದರೆ ಹಿಂದಿನಂತಾಗುವುದು ಎಂದು ಹಟಹಿಡಿದವರಿಗೆ ಈ ಮೂರು ಸಾವಿರ ಪುಟಗಳು ಲೆಕ್ಕಕ್ಕೆ ಬಾರವು.

ಇವು ಘೋರವಾದ ಗಾಯಗಳ ಸಂಗತಿ. ತಲೆಬುರುಡೆ ಒಡೆಯದೆ ಮಿದುಳು ಅದರೊಳಗೆ ಅಲುಗಿ ಆಗುವ, ವೈದ್ಯರು ಕನ್‌ಕಶನ್ ಎಂದು ಕರೆಯುವ ಸೌಮ್ಯ ಆಘಾತದ ಚರಿತ್ರೆ ಬೇರೆಯೇ ಒಂದು ವಿಚಿತ್ರ. ಅದಕ್ಕೆ ಬಹುಕಾಲ ಸಲ್ಲುತ್ತಿದ್ದ ಮದ್ದು ಒಂದೇ: ಕತ್ತಲೆಕೋಣೆ ಮತ್ತು ಹಾಸಿಗೆ. ಹಾಸಿಗೆಯ ಮೇಲಿನ ಈ ನಂಬಿಕೆಯನ್ನು ಪರೀಕ್ಷಿಸಿದವರು ವಿರಳ. ೨೦೦೨ರಲ್ಲಿ ನೆದರ್ಲೆಂಡಿನ ವೈದ್ಯರು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆರು ದಿನ ಪೂರ್ಣ ವಿಶ್ರಾಂತಿಯನ್ನು ವಿಧಿಸಿ ನೋಡಿದರು. ತಿಂಗಳುಗಳ ಮೇಲೆ ಗುಂಪುಗಳ ನಡುವೆ ಗಮನಾರ್ಹವಾದ ಅಂತರ ಕಾಣಲಿಲ್ಲ. ೨೦೧೫ರಲ್ಲಿ ಅಮೆರಿಕದಲ್ಲಿ ಹನ್ನೊಂದರಿಂದ ಇಪ್ಪತ್ತೆರಡು ವಯಸ್ಸಿನವರ ಮೇಲೆ ನಡೆದ ಪರೀಕ್ಷೆಯಲ್ಲಿ, ಐದು ದಿನ ಕಟ್ಟುನಿಟ್ಟಾಗಿ ಮಲಗಿದವರು ಒಂದೆರಡು ದಿನ ಮಾತ್ರ ವಿಶ್ರಮಿಸಿದವರಿಗಿಂತ ಹೆಚ್ಚು ಬಾಧೆಗಳನ್ನು ಹೇಳಿಕೊಂಡರು. ೨೦೧೯ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಬಾಧೆ ಕೆರಳದಷ್ಟೇ ಮಿತಿಯಲ್ಲಿ ದಿನವೂ ವ್ಯಾಯಾಮ ಮಾಡಿದ ತರುಣ ಕ್ರೀಡಾಪಟುಗಳು ಬಹುಪಾಲು ೧೩ ದಿನಗಳಲ್ಲಿಯೂ, ಮೈ ಹಿಗ್ಗಿಸುವ ಲಘು ಅಭ್ಯಾಸ ಮಾತ್ರ ಮಾಡಿದವರು ೧೭ ದಿನಗಳಲ್ಲಿಯೂ ಸುಧಾರಿಸಿದರು. ೨೦೨೨ರಲ್ಲಿ ಆಮ್‌ಸ್ಟರ್ಡಾಮಿನಲ್ಲಿ ಸೇರಿದ ತಜ್ಞರ ಸಮ್ಮೇಳನವು ಇದನ್ನೇ ಅನುಮೋದಿಸಿತು: ಮೊದಲ ಒಂದೆರಡು ದಿನ ಮಿತವಾದ ವಿಶ್ರಾಂತಿ, ಆಗಲೇ ಮನೆಯೊಳಗಿನ ಓಡಾಟ, ಮೆಲ್ಲನೆ ನಡಿಗೆ, ಕಣ್ಣನ್ನು ದಣಿಸುವ ಪರದೆಗಳಿಂದ ಆ ಎರಡು ದಿನ ದೂರ, ತಲೆನೋವು ಸ್ವಲ್ಪ ಏರಿದರೆ ಗಾಬರಿಯಿಲ್ಲ, ಬಹಳ ಏರಿದರೆ ಒಂದು ಮೆಟ್ಟಿಲು ಇಳಿಯುವುದು, ಪೂರ್ತಿ ಗುಣವಾಗುವ ಮುನ್ನ ಇನ್ನೊಂದು ಪೆಟ್ಟಿಗೆ ಎಡೆಗೊಡದಿರುವುದು. ಉಳುಮೆಯ ಕಾಲದ ಆ ಅರ್ಧ ದಿನದ ದುಡಿಮೆಗೂ ಇದಕ್ಕೂ ಇರುವ ದೂರ ಹೆಚ್ಚಲ್ಲ. ಆದರೆ ತಲೆನೋವು ಬಿಡದೆ ಹೆಚ್ಚುತ್ತ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಮಂಪರು ಕವಿದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಸೆಳೆತ ಬಂದರೆ, ಅದು ಮನೆಯ ಆರೈಕೆಯ ವಿಷಯವಲ್ಲ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಭಾರತದಲ್ಲಿ ಈ ಬಗೆಯ ಚೇತರಿಕೆ ಜನರ ಕಣ್ಣಿಗೆ ಬಿದ್ದುದು ಕ್ರಿಕೆಟಿನ ಮೂಲಕ. ೧೯೬೨ರ ಮಾರ್ಚಿಯಲ್ಲಿ ಬಾರ್ಬಡೋಸಿನಲ್ಲಿ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ಭಾರತ ತಂಡದ ನಾಯಕ ನಾರಿ ಕಂಟ್ರಾಕ್ಟರರ ತಲೆಗೆ ಬಡಿಯಿತು. ಎದುರಾಳಿ ದೇಶದ ನಾಯಕ ಫ್ರಾಂಕ್ ವೊರೆಲ್ ತಾನೇ ಮುಂದೆ ಬಂದು ರಕ್ತ ಕೊಟ್ಟರು. ಮುಂದೆ ತಮಿಳುನಾಡಿನಲ್ಲಿ ಡಾ. ಚಾಂಡಿಯವರು ತಲೆಬುರುಡೆಗೆ ಲೋಹದ ತಗಡನ್ನು ಜೋಡಿಸಿದರು. ಸುಮಾರು ಹತ್ತು ತಿಂಗಳಲ್ಲಿ ಕಂಟ್ರಾಕ್ಟರ್ ಮತ್ತೆ ಪ್ರಥಮ ದರ್ಜೆಯ ಪಂದ್ಯಕ್ಕೆ ಇಳಿದರು. ಟೆಸ್ಟ್ ಪಂದ್ಯಕ್ಕೆ ಅವರನ್ನು ಮತ್ತೆ ಆರಿಸಲೇ ಇಲ್ಲ. ಗೇಜಿಗೆ ಮೇಸ್ತ್ರಿಯ ಕೆಲಸ ತಪ್ಪಿದುದನ್ನು ಇಲ್ಲಿ ನೆನೆಯದಿರಲು ಸಾಧ್ಯವಿಲ್ಲ. ಆ ತಗಡನ್ನು ಹೊರತೆಗೆದುದು ಅರವತ್ತು ವರ್ಷಗಳ ಮೇಲೆ, ೨೦೨೨ರಲ್ಲಿ.

ನಮ್ಮ ನಾಡಿನ ಮಟ್ಟಿಗೆ ಹೇಳುವುದಾದರೆ, ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ ೧೯೫೪ರಲ್ಲಿ ಅಲ್ಲಿಯೇ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ೧೯೭೪ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು. ಶಸ್ತ್ರಚಿಕಿತ್ಸೆಯ ಜೊತೆಗೆ, ಕುಂದಿದ ಗಮನವನ್ನೂ ಸ್ಮೃತಿಯನ್ನೂ ಅಭ್ಯಾಸದಿಂದ ಮರಳಿ ಕೂಡಿಸುವ ಕ್ರಮಗಳನ್ನು ಅಲ್ಲಿಯ ಮನಶ್ಶಾಸ್ತ್ರಜ್ಞರು ರೂಪಿಸಿದರು. ಅವಕ್ಕೆ ದೊಡ್ಡ ಯಂತ್ರಗಳು ಬೇಕಿಲ್ಲ. ಅಚ್ಚಾದ ಪುಟದಲ್ಲಿ ಒಂದು ಅಕ್ಷರ ಬಂದಲ್ಲೆಲ್ಲ ಅದನ್ನು ಹೊಡೆದುಹಾಕುವುದು ಒಂದು. ಗೆರೆಯ ಚಿತ್ರಗಳಿಗೆ ಬಣ್ಣದ ಛಾಯೆ ತುಂಬುವುದು ಇನ್ನೊಂದು. ಮತ್ತೊಂದಂತೂ ನಮ್ಮ ಅಡಿಗೆಮನೆಗಳಲ್ಲಿ ಅಜ್ಜಿಯರು ಮೊರ ಹಿಡಿದು ಮಾಡುತ್ತಿದ್ದ ಕೆಲಸವೇ: ಬೆರೆಸಿಟ್ಟ ಕಾಳುಗಳನ್ನು ಬಗೆಬಗೆಯಾಗಿ ಆರಿಸಿಡುವುದು. ಹಿಡಿದ ಸಮಯವನ್ನೂ ತಪ್ಪಿದ ಕಾಳುಗಳನ್ನೂ ಬರೆದಿಟ್ಟುಕೊಂಡು, ಮರುದಿನ ಮತ್ತೆ ಕುಳಿತುಕೊಳ್ಳುವುದು.